ನಡು ಆಕಾಶದಲ್ಲಿ ಮಾಯವಾಗುವ ಚುಕ್ಕೆ: ನಮ್ಮ ಮಾಳಿಗೆಯಿಂದ ಉಪಗ್ರಹಗಳನ್ನು ಗುರುತಿಸುವ ಬಗೆ

ಪ್ರಶ್ನೆ: ಸೇಡಂ ಹತ್ತಿರದ ಹಳ್ಳಿಯವನು ನಾನು. ಸಂಜೆ ಮಾಳಿಗೆಯ ಮೇಲೆ ಕುಳಿತಾಗ ಚುಕ್ಕೆಯಂಥ ಬೆಳಕುಗಳು ಸದ್ದಿಲ್ಲದೆ ಸಾಗುವುದನ್ನು ನೋಡುತ್ತೇನೆ. ಕೆಲವು ಆಕಾಶದ ನಡುವೆಯೇ ಇದ್ದಕ್ಕಿದ್ದಂತೆ ಮಾಯವಾಗುತ್ತವೆ, ಕೆಲವು ಮಿನುಗುತ್ತ ಹೋಗುತ್ತವೆ, ಒಮ್ಮೆ ಹತ್ತಿಪ್ಪತ್ತು ದೀಪಗಳು ಸಾಲಾಗಿ ಹೋದವು. ಇವೆಲ್ಲ ಉಪಗ್ರಹಗಳೇ? ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಟೆಲಿಸ್ಕೋಪ್ ಕೊಳ್ಳಬೇಕೇ? ರಾತ್ರಿ ಹನ್ನೊಂದರ ಮೇಲೆ ಎಷ್ಟು ಹೊತ್ತು ಕಾದರೂ ಒಂದೂ ಕಾಣುವುದಿಲ್ಲವಲ್ಲ, ಏಕೆ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿದರೆ ಉಳಿದವುಗಳಲ್ಲಿ ಅರ್ಧ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಉಪಗ್ರಹಕ್ಕೆ ನಮಗೆ ಕಾಣುವಂಥ ಸ್ವಂತ ಬೆಳಕಿಲ್ಲ. ಅದರ ಸೌರಫಲಕದ ಮೇಲೋ ಲೋಹದ ಮೈಮೇಲೋ ಬಿದ್ದ ಬಿಸಿಲು ಪ್ರತಿಫಲಿಸಿ ನಮ್ಮ ಕಣ್ಣಿಗೆ ಮುಟ್ಟಿದಾಗ ಮಾತ್ರ ಅದು ಕಾಣುತ್ತದೆ. ಆದ್ದರಿಂದ ಎರಡು ಸಂಗತಿಗಳು ಏಕಕಾಲಕ್ಕೆ ಕೂಡಿಬರಬೇಕು: ನಾವು ನಿಂತ ನೆಲದಲ್ಲಿ ಕತ್ತಲಾಗಿರಬೇಕು, ಉಪಗ್ರಹವಿರುವ ಎತ್ತರದಲ್ಲಿ ಇನ್ನೂ ಬಿಸಿಲಿರಬೇಕು. ಬೀದರಿನ ಓಣಿಗಳಲ್ಲಿ ನೆರಳು ಕವಿದ ಮೇಲೂ ಮಹಮೂದ್ ಗವಾನ್ ಮದರಸಾದ ಮಿನಾರಿನ ತುದಿಗೆ ಒಂದಿಷ್ಟು ಹೊತ್ತು ಬಿಸಿಲು ಅಂಟಿಕೊಂಡಿರುವ ಹಾಗೆಯೇ, ನೆಲದಿಂದ ನೂರಾರು ಕಿ.ಮೀ. ಮೇಲೆ ಸೂರ್ಯ ಬಹಳ ತಡವಾಗಿ ಮುಳುಗುತ್ತಾನೆ.

ಎಷ್ಟು ತಡವಾಗಿ ಎಂಬುದನ್ನು ಲೆಕ್ಕ ಹಾಕಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 420 ಕಿ.ಮೀ. ಎತ್ತರದಲ್ಲಿ ಸುತ್ತುತ್ತದೆ. ಅದು ನಮ್ಮ ನೆತ್ತಿಯ ಮೇಲಿದ್ದರೆ, ಸೂರ್ಯ ನಮ್ಮ ದಿಗಂತಕ್ಕಿಂತ 20 ಡಿಗ್ರಿ ಕೆಳಗಿಳಿಯುವವರೆಗೂ ಅದಕ್ಕೆ ಬಿಸಿಲು ತಾಗುತ್ತಿರುತ್ತದೆ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದ ಊರು. ಇಲ್ಲಿ ಸೂರ್ಯ ದಿಗಂತದತ್ತ ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತಾನಾದ್ದರಿಂದ 20 ಡಿಗ್ರಿ ಇಳಿಯಲು ಅವನಿಗೆ 80ರಿಂದ 90 ನಿಮಿಷ ಸಾಕು. ಮೊದಲ ಅರ್ಧ ಗಂಟೆ ಆಕಾಶವೇ ಬೆಳ್ಳಗಿರುತ್ತದೆ. ಹಾಗಾಗಿ ನೆತ್ತಿಯ ಮೇಲಿನ ನಿಲ್ದಾಣವನ್ನು ನೋಡಲು ನಮಗೆ ದಕ್ಕುವುದು ಒಂದು ತಾಸು ಮಾತ್ರ. ಪಶ್ಚಿಮದ ಕೆಳ ಆಕಾಶದಲ್ಲಾದರೆ ಇನ್ನೊಂದು ಅರ್ಧ ತಾಸು ಹೆಚ್ಚು. ಡಿಸೆಂಬರ್ ಕೊನೆಯಲ್ಲಿ ಕಲಬುರಗಿಯಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸಿಗೆ. ಅಂದರೆ ಆರೂವರೆಯಿಂದ ಎಂಟರ ಒಳಗೆ ಆಟ ಮುಗಿಯಿತು. ಹನ್ನೊಂದಕ್ಕೆ ಸೂರ್ಯ ದಿಗಂತಕ್ಕಿಂತ 65 ಡಿಗ್ರಿಗೂ ಕೆಳಗಿರುತ್ತಾನೆ. ಆಗ ನೆತ್ತಿಯ ಮೇಲೆ ಬಿಸಿಲು ಬೇಕೆಂದರೆ ಎಂಟು ಸಾವಿರ ಕಿ.ಮೀ.ಗೂ ಮೇಲೆ ಹೋಗಬೇಕು. ಬರಿಗಣ್ಣಿಗೆ ಕಾಣುವ ಉಪಗ್ರಹಗಳೆಲ್ಲ ಅದಕ್ಕಿಂತ ಬಹಳ ಕೆಳಗೆ, ಭೂಮಿಯ ನೆರಳಿನೊಳಗೆ ಓಡಾಡುತ್ತಿರುತ್ತವೆ. ಅವು ನಿಮ್ಮ ತಲೆಯ ಮೇಲೆ ಹಾದುಹೋಗುವುದು ನಿಂತಿರುವುದಿಲ್ಲ, ಕಾಣುವುದಷ್ಟೇ ನಿಂತಿರುತ್ತದೆ.

ಈ ಲೆಕ್ಕವನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ಉಪಗ್ರಹ ವೀಕ್ಷಣೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಯೂರೋಪ್ ಮತ್ತು ಉತ್ತರ ಅಮೆರಿಕದವರು ತಮ್ಮ ಆಕಾಶಕ್ಕೆ ಬರೆದುಕೊಂಡವು. ಲಂಡನ್ನಿನಲ್ಲಿ ಜೂನ್ ತಿಂಗಳ ನಡುರಾತ್ರಿಯಲ್ಲೂ ಸೂರ್ಯ ದಿಗಂತಕ್ಕಿಂತ 15 ಡಿಗ್ರಿಯಷ್ಟೇ ಕೆಳಗಿರುವುದರಿಂದ ಅವರಿಗೆ ಬಾಹ್ಯಾಕಾಶ ನಿಲ್ದಾಣ ಇಡೀ ರಾತ್ರಿ, ಸುತ್ತು ಸುತ್ತಿಗೂ ಕಾಣುತ್ತದೆ. ಅದನ್ನು ಓದಿ ನಮ್ಮವರು ರಾತ್ರಿ ಊಟ ಮುಗಿಸಿ ಹತ್ತಕ್ಕೆ ಮಾಳಿಗೆ ಹತ್ತಿದರೆ ನಿರಾಸೆಯಾಗುವುದು ಸಹಜ. ನಮ್ಮ ಭಾಗದಲ್ಲಿ ಈ ಹವ್ಯಾಸ ದೀಪ ಹಚ್ಚುವ ಹೊತ್ತಿನದು, ಇಲ್ಲವೇ ಬೆಳಗಿನ ಜಾವದ್ದು.

ಇನ್ನು ನಡು ಆಕಾಶದಲ್ಲಿ ಮಾಯವಾಗುವ ಚುಕ್ಕೆ. ಸೂರ್ಯ ಪಶ್ಚಿಮದಲ್ಲಿ ಇಳಿದಂತೆ ಭೂಮಿಯ ನೆರಳು ಪೂರ್ವದಿಂದ ಮೇಲೇರುತ್ತದೆ. ಬಹುತೇಕ ಉಪಗ್ರಹಗಳು ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಓಡುತ್ತವೆ. ಹಾಗಾಗಿ ಸಂಜೆ ಅವು ತಾವಾಗಿಯೇ ಹೋಗಿ ನೆರಳಿಗೆ ಬೀಳುತ್ತವೆ. ಬಾಹ್ಯಾಕಾಶ ನಿಲ್ದಾಣ ಹೀಗೆ ನೆರಳು ಹೊಕ್ಕುವುದನ್ನು ಕಣ್ಣು ಕದಲಿಸದೆ ನೋಡಿ. ಬೆಳ್ಳಗಿದ್ದ ಚುಕ್ಕೆ ಮೊದಲು ಹಳದಿಗೆ ತಿರುಗಿ, ಆಮೇಲೆ ಕೆಂಡದ ಬಣ್ಣವಾಗಿ, ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಆ ಕೆಂಪು ಭೂಮಿಯ ವಾತಾವರಣದ ಅಂಚನ್ನು ಹಾದು ಅಲ್ಲಿಗೆ ತಲುಪುವ ಸೂರ್ಯಾಸ್ತದ ಬೆಳಕು. ಬೈನಾಕ್ಯುಲರ್ ಇದ್ದರೆ ಇದು ಇನ್ನೂ ಸ್ಪಷ್ಟ. ಸಂಜೆಯ ಹೊತ್ತು ಪೂರ್ವದ ಕಡೆ ಬಂದ ಉಪಗ್ರಹದ ಬಿಸಿಲು ಬಿದ್ದ ಮಗ್ಗುಲು ಪೂರ್ತಿಯಾಗಿ ನಮ್ಮತ್ತ ತಿರುಗಿರುವುದರಿಂದ, ಅದು ಆರುವುದಕ್ಕೆ ಸ್ವಲ್ಪ ಮೊದಲೇ ಅತ್ಯಂತ ಹೊಳೆಯುವುದೂ ಉಂಟು. ಬೆಳಗಿನ ಜಾವ ಎಲ್ಲವೂ ತಿರುಗುಮುರುಗು: ಏನೂ ಇಲ್ಲದ ಜಾಗದಲ್ಲಿ ಒಂದು ಚುಕ್ಕೆ ಹೊತ್ತಿಕೊಂಡು ಪೂರ್ವಕ್ಕೆ ನಡೆದುಬಿಡುತ್ತದೆ.

ಗುರುತಿಸುವ ಕೆಲಸಕ್ಕೆ ಮೊದಲ ಸುಳಿವು ದಿಕ್ಕು. ಪ್ರತಿಯೊಂದು ಉಪಗ್ರಹದ ಕಕ್ಷೆಯೂ ಸಮಭಾಜಕ ವೃತ್ತಕ್ಕೆ ಒಂದು ನಿಶ್ಚಿತ ಓರೆಯಲ್ಲಿರುತ್ತದೆ. ಬಾಹ್ಯಾಕಾಶ ನಿಲ್ದಾಣದ ಓರೆ 51.6 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಇದರ ಫಲಿತಾಂಶವೇನೆಂದರೆ, ನಿಲ್ದಾಣ ಯಾವಾಗಲೂ ನೈಋತ್ಯದಿಂದ ಈಶಾನ್ಯಕ್ಕೆ ಅಥವಾ ವಾಯವ್ಯದಿಂದ ಆಗ್ನೇಯಕ್ಕೆ ಮೂಲೆಯಿಂದ ಮೂಲೆಗೆ ಸಾಗುತ್ತದೆ. ಚೀನಾದ ತಿಯಾನ್‌ಗಾಂಗ್ ನಿಲ್ದಾಣದ ಓರೆ 41.5 ಡಿಗ್ರಿಯಾದ್ದರಿಂದ ಅದರ ಹಾದಿ ಇನ್ನಷ್ಟು ಪೂರ್ವ–ಪಶ್ಚಿಮಕ್ಕೆ ವಾಲಿರುತ್ತದೆ. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ್ದು 28.5 ಡಿಗ್ರಿ, ಅದು ನಮ್ಮಲ್ಲಿ ನೆತ್ತಿಯ ಮೇಲೆಯೇ ಹಾದುಹೋಗಬಲ್ಲದು, ಲಂಡನ್ನಿನವರಿಗೆ ಮಾತ್ರ ಎಂದಿಗೂ ಕಾಣದು. ಬೇಸಿಗೆಯ ರಾತ್ರಿಗಳನ್ನು ಅವರಿಗೆ ಬಿಟ್ಟುಕೊಟ್ಟ ನಮಗೆ ಇದೊಂದು ಪರಿಹಾರ ಎಂದಿಟ್ಟುಕೊಳ್ಳಿ. ಉತ್ತರ–ದಕ್ಷಿಣವಾಗಿ ಸಾಗುವವು ಧ್ರುವಗಳ ಮೇಲೆ ಹಾಯುವ ಭೂವೀಕ್ಷಣೆ ಮತ್ತು ಹವಾಮಾನ ಉಪಗ್ರಹಗಳು, ಅಥವಾ ಅವನ್ನು ಕಕ್ಷೆಗೆ ಮುಟ್ಟಿಸಿ ಅಲ್ಲೇ ಉಳಿದ ರಾಕೆಟ್ ಹಂತಗಳು. ಪೂರ್ವದಿಂದ ಪಶ್ಚಿಮಕ್ಕೆ ನೇರವಾಗಿ ಹೋಗುವ ಚುಕ್ಕೆ ಕಂಡರೆ ಮೊದಲು ವಿಮಾನವೆಂದೇ ಶಂಕಿಸಿ. ಮೆಡಿಟರೇನಿಯನ್ ಸಮುದ್ರದ ಮೇಲಿಂದ ಪಶ್ಚಿಮಾಭಿಮುಖವಾಗಿ ಹಾರಿಸಬೇಕಾದ ಇಸ್ರೇಲಿನ ಒಫೆಕ್ ಉಪಗ್ರಹಗಳಂಥ ಬೆರಳೆಣಿಕೆಯವು ಮಾತ್ರ ಹಾಗೆ ಸುತ್ತುತ್ತವೆ.

ಎರಡನೆಯದು ವೇಗ. ನೆತ್ತಿಯ ಮೇಲೆ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಒಂದು ಡಿಗ್ರಿಯಂತೆ ಸಾಗುತ್ತದೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಅಷ್ಟನ್ನು ದಾಟಲು ಹತ್ತು ಸೆಕೆಂಡು. ಒಂದು ಕಡೆ ದಿಗಂತದಿಂದ ಮುಷ್ಟಿಯಷ್ಟು ಮೇಲೆದ್ದು ಇನ್ನೊಂದು ಕಡೆ ಅಷ್ಟೇ ಎತ್ತರಕ್ಕೆ ಇಳಿಯುವವರೆಗೆ ಒಳ್ಳೆಯ ಹಾಯುವಿಕೆ ಆರು ನಿಮಿಷದ ಆಸುಪಾಸಿನದು. ಇದಕ್ಕಿಂತ ನಿಧಾನವಾಗಿ ಸಾಗುವುದು ಹೆಚ್ಚು ಎತ್ತರದ್ದು. ಅರೆಕ್ಷಣದಲ್ಲಿ ಗೀರು ಎಳೆದು ಹೋದದ್ದು ಉಲ್ಕೆ.

ಮೋಸ ಮಾಡುವ ಸಂಗತಿಗಳು ನಮ್ಮ ಭಾಗಕ್ಕೇ ವಿಶಿಷ್ಟವಾದವು ಕೆಲವಿವೆ. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ, ಮುಂಬೈ–ಹೈದರಾಬಾದ್ ನಡುವಿನ ವಿಮಾನಗಳೂ ನಮ್ಮ ಸುತ್ತಮುತ್ತಲೇ ಹಾಯುತ್ತವೆ. ನೇರವಾಗಿ ನಮ್ಮತ್ತ ಬರುವ ವಿಮಾನದ ದೀಪ ಒಂದೆರಡು ನಿಮಿಷ ಕದಲದ ನಕ್ಷತ್ರದಂತೆ ತೋರುವುದುಂಟು; ಕೆಂಪು–ಹಸಿರು ದೀಪವೋ ಕ್ರಮಬದ್ಧವಾಗಿ ಮಿಂಚುವ ಬಿಳಿ ದೀಪವೋ ಕಂಡ ಕೂಡಲೇ ಅನುಮಾನ ಬಗೆಹರಿಯುತ್ತದೆ. ಇದಕ್ಕಿಂತ ಸ್ವಾರಸ್ಯಕರವಾದದ್ದು ಬಲೂನು. ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರದಿಂದ ಹತ್ತಾರು ಮೀಟರ್ ವ್ಯಾಸದ ಪಾಲಿಥಿನ್ ಬಲೂನುಗಳನ್ನು ಉಪಕರಣಗಳೊಂದಿಗೆ 30–40 ಕಿ.ಮೀ. ಎತ್ತರಕ್ಕೆ ಹಾರಿಸುತ್ತಾರೆ, ಅವು ಗಾಳಿಯೊಂದಿಗೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಕಡೆಗೆ ತೇಲಿಬರುವುದುಂಟು. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಬಿದ್ದು ಊರವರನ್ನು ಬೆಚ್ಚಿಬೀಳಿಸಿದ್ದು ಇಂಥದೇ. ಆ ಎತ್ತರದಲ್ಲಿ ಸೂರ್ಯೋದಯಕ್ಕೆ ಸುಮಾರು 25 ನಿಮಿಷ ಮೊದಲೇ ಬಿಸಿಲು ಬೀಳುವುದರಿಂದ, ನಸುಕಿನಲ್ಲಿ ಶುಕ್ರನಂತೆ ಹೊಳೆಯುತ್ತ, ಇದ್ದಲ್ಲೇ ಇದ್ದಂತೆ ಕಾಣುತ್ತ, ಅರ್ಧ ತಾಸಿನಲ್ಲಿ ತುಸುವೇ ಸರಿಯುವ ಬೆಳಕು ಕಂಡರೆ ಅದು ಉಪಗ್ರಹವಲ್ಲ. ಬೈನಾಕ್ಯುಲರಿನಲ್ಲಿ ಅದರ ದುಂಡು ಆಕಾರ ಗೋಚರಿಸಿದರೆ ಸಂಶಯವೇ ಬೇಡ. ಕೆಳಗೆ ಬಿದ್ದ ಉಪಕರಣದ ಪೆಟ್ಟಿಗೆಯನ್ನು ಬಿಚ್ಚದೆ, ಅದರ ಮೇಲೆ ಬರೆದಿರುವ ವಿಳಾಸಕ್ಕೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು.

ಮಿನುಗುತ್ತ ಹೋಗುವವು ಬಹುಮಟ್ಟಿಗೆ ಕೆಲಸ ಮುಗಿದ ರಾಕೆಟ್ ಹಂತಗಳು, ಅಥವಾ ಹಿಡಿತ ತಪ್ಪಿ ಉರುಳುತ್ತಿರುವ ಹಳೆಯ ಉಪಗ್ರಹಗಳು. ಕೊಳವೆಯಾಕಾರದ ರಾಕೆಟ್ ಹಂತ ಲಾಗ ಹಾಕುತ್ತ ಸಾಗುವಾಗ ಅದರ ಉದ್ದನೆಯ ಮಗ್ಗುಲು ನಮ್ಮತ್ತ ತಿರುಗಿದಾಗಲೆಲ್ಲ ಬೆಳಗುತ್ತದೆ, ತುದಿ ತಿರುಗಿದಾಗ ಮಂಕಾಗುತ್ತದೆ. ಹತ್ತು ಮಿನುಗುಗಳಿಗೆ ಎಷ್ಟು ಸೆಕೆಂಡಾಯಿತೆಂದು ಅಳೆದು ಹತ್ತರಿಂದ ಭಾಗಿಸಿದರೆ ಅದರ ಮಿನುಗಿನ ಅವಧಿಯ ಅಂದಾಜು ನಿಮ್ಮ ಕೈಗೆ ಬಂದಂತೆ. ಹಿಂದೆ ಇರಿಡಿಯಂ ಎಂಬ ಫೋನ್ ಉಪಗ್ರಹಗಳಿದ್ದವು. ಕನ್ನಡಿಯಂತಿದ್ದ ಅವುಗಳ ಆಂಟೆನಾ ಫಲಕಗಳಿಂದ ಕೆಲ ಸೆಕೆಂಡುಗಳ ಕಾಲ ಶುಕ್ರನಿಗಿಂತ ಹಲವು ಪಟ್ಟು ಪ್ರಖರವಾದ ಮಿಂಚು ಬರುತ್ತಿತ್ತು. ಆ ಮೊದಲ ಪೀಳಿಗೆಯ ಬಹುಪಾಲು ಉಪಗ್ರಹಗಳನ್ನು 2019ರ ಹೊತ್ತಿಗೆ ಕೆಳಗಿಳಿಸಿಬಿಟ್ಟರು. ಹಳೆಯ ಲೇಖನಗಳಲ್ಲಿ ಅದರ ವರ್ಣನೆ ಓದಿ ಕಾಯುತ್ತ ಕೂರಬೇಡಿ.

ನೀವು ಕಂಡ ದೀಪಗಳ ಸಾಲು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2019ರ ಮೇ ತಿಂಗಳಲ್ಲಿ ಮೊದಲ 60 ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಹೋದಾಗ, ಮರುರಾತ್ರಿಯೇ ನೆದರ್ಲೆಂಡ್ಸಿನ ಮಾರ್ಕೊ ಲ್ಯಾಂಗ್‌ಬ್ರೂಕ್ ಎಂಬ ವೀಕ್ಷಕ ಆ ಸಾಲನ್ನು ಚಿತ್ರೀಕರಿಸಿದ್ದು ಲೋಕಕ್ಕೆಲ್ಲ ಹರಡಿತು. ಹಾರಿಸಿದ ಹೊಸದರಲ್ಲಿ ಅವೆಲ್ಲ ಕೆಳಗಿನ ಕಕ್ಷೆಯಲ್ಲಿ ಒಂದರ ಹಿಂದೊಂದು ಒತ್ತಾಗಿರುತ್ತವೆ. ದಿನ ಕಳೆದಂತೆ ಚದುರಿ, ಸುಮಾರು 550 ಕಿ.ಮೀ. ಎತ್ತರಕ್ಕೇರಿ ಮಂಕಾಗುತ್ತವೆ. ಆದ್ದರಿಂದ ಸಾಲು ನೋಡಬೇಕೆಂದರೆ ಉಡಾವಣೆಯಾದ ಮೊದಲ ಕೆಲವು ದಿನಗಳಲ್ಲೇ ನೋಡಬೇಕು. ನೋಡಲು ಚೆಂದವೇ ಸರಿ, ಆದರೆ ಸಾವಿರಾರು ಸಂಖ್ಯೆಯಲ್ಲಿ ಆಕಾಶ ತುಂಬಿದ ಇವು ಖಗೋಳ ಛಾಯಾಚಿತ್ರಗಳಲ್ಲಿ ಗೀರು ಎಳೆಯುತ್ತಿರುವುದು ವೃತ್ತಿಪರ ಖಗೋಳಜ್ಞರಿಗೆ ನಿಜವಾದ ತಲೆನೋವು.

ಸಾಲನ್ನು ಹೋಲುವ ಇನ್ನೊಂದು ಅಪರೂಪದ ದೃಶ್ಯವಿದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಉದ್ದಗಲಕ್ಕೆ ಜನ ಉರಿಯುವ ಚೂರುಗಳ ಮೆರವಣಿಗೆಯೊಂದನ್ನು ಕಂಡರು. ಚಂದ್ರಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೊಂದು ನೆಲಕ್ಕೆ ಬಿತ್ತು. ಅದು ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಹಂತ, ವಾತಾವರಣಕ್ಕೆ ಮರಳಿ ಬೀಳುತ್ತಿದ್ದದ್ದು. ಉಲ್ಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿದರೆ, ಇಂಥದ್ದು ಬಾಲ ಬಿಡುತ್ತ, ಚೂರಾಗುತ್ತ, ನಿಮಿಷದಷ್ಟು ಹೊತ್ತು ಅಡ್ಡಲಾಗಿ ಸಾಗುತ್ತದೆ. ಸ್ಟಾರ್‌ಲಿಂಕ್ ಸಾಲಿನ ದೀಪಗಳಿಗೆ ಬಾಲವಿರುವುದಿಲ್ಲ.

ಹೆಸರು ಹಿಡಿದು ಗುರುತಿಸಲು ಮುನ್ಸೂಚನೆ ಬೇಕು. ಹೆವೆನ್ಸ್ ಅಬೌವ್ ಎಂಬ ಉಚಿತ ತಾಣದಲ್ಲಿ ನಿಮ್ಮ ಊರನ್ನು ನಕ್ಷೆಯಲ್ಲಿ ಗುರುತು ಮಾಡಿದರೆ ಆ ಸಂಜೆ ಯಾವ ಉಪಗ್ರಹ ಎಷ್ಟು ಗಂಟೆಗೆ, ಯಾವ ದಿಕ್ಕಿನಲ್ಲಿ ಏಳುತ್ತದೆ, ಎಷ್ಟು ಎತ್ತರಕ್ಕೇರುತ್ತದೆ, ಎಲ್ಲಿ ನೆರಳಿಗೆ ಬೀಳುತ್ತದೆ ಎಂಬ ಪಟ್ಟಿ ಸಿಗುತ್ತದೆ. ಊರನ್ನು ಸರಿಯಾಗಿ ಗುರುತಿಸುವುದು ಮುಖ್ಯ. ಸುದ್ದಿಗಳಲ್ಲಿ ಬರುವ ಬೆಂಗಳೂರಿನ ವೇಳೆಯನ್ನು ನಂಬಿದರೆ, ಅಲ್ಲಿ ನೆತ್ತಿಯ ಮೇಲೆ ಹೋಗುವ ನಿಲ್ದಾಣ ಕಲಬುರಗಿಯಲ್ಲಿ ದಕ್ಷಿಣಕ್ಕೆ ಸರಿದು ಆಕಾಶದ ಅರ್ಧ ಎತ್ತರದಲ್ಲೇ ಹಾದುಹೋಗಿ ನಿಮ್ಮ ಕಣ್ಣು ತಪ್ಪಿಸಬಹುದು. ಪಟ್ಟಿಯಲ್ಲಿನ ಕಾಂತಿಮಾನದ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು: ಲುಬ್ಧಕ ನಕ್ಷತ್ರ −1.5, ಬಾಹ್ಯಾಕಾಶ ನಿಲ್ದಾಣ ಒಳ್ಳೆಯ ದಿನ −3ಕ್ಕಿಂತಲೂ ಪ್ರಖರ, ಹಳ್ಳಿಯ ಕತ್ತಲಲ್ಲಿ ಬರಿಗಣ್ಣಿನ ಮಿತಿ 6. ಕಲಬುರಗಿ ನಗರದೊಳಗಿನ ಮಾಳಿಗೆಯಿಂದಾದರೆ 3ಕ್ಕಿಂತ ಮಂಕಾದವನ್ನು ಹುಡುಕಿ ಕಣ್ಣು ನೋಯಿಸಿಕೊಳ್ಳುವುದು ಬೇಡ. ಬಾಹ್ಯಾಕಾಶ ನಿಲ್ದಾಣದ ಕಕ್ಷೆಯ ತಲವೇ ನಿಧಾನವಾಗಿ ಹೊರಳುವುದರಿಂದ ಅದು ಕೆಲವು ದಿನ ಸಂಜೆಗೆ, ಕೆಲವು ದಿನ ನಸುಕಿಗೆ ಬಂದು, ನಡುವೆ ನಮ್ಮ ಕಣ್ಣಿಗೆ ಬೀಳದೆ ಇರುತ್ತದೆ. ಪಟ್ಟಿ ಖಾಲಿಯಿದ್ದರೆ ತಾಣ ಕೆಟ್ಟಿದೆ ಎಂದುಕೊಳ್ಳಬೇಡಿ. 2025ರ ಜೂನ್–ಜುಲೈಯಲ್ಲಿ ಶುಭಾಂಶು ಶುಕ್ಲಾ ಅಲ್ಲಿದ್ದಾಗ ಎಲ್ಲರಿಗೂ ನೋಡುವ ಹುಮ್ಮಸ್ಸಿತ್ತು, ಮಳೆಗಾಲದ ಮೋಡ ಮಾತ್ರ ಅಡ್ಡಿ. ನಮ್ಮಲ್ಲಿ ಆಕಾಶ ನಿಚ್ಚಳವಾಗಿರುವುದು ನವೆಂಬರಿನಿಂದ ಫೆಬ್ರವರಿಯವರೆಗೆ. ಆಮೇಲೆ ಬಿಸಿಲಿನೊಂದಿಗೆ ಧೂಳು ಏಳುತ್ತದೆ.

ಜಾಗದ ಬಗ್ಗೆ ಒಂದು ಮಾತು. ಸಿಮೆಂಟ್ ಕಾರ್ಖಾನೆಗಳ ದೀಪಗಳಿಗೆ ಬೆನ್ನು ಮಾಡಿ ಕೂರಲು ಸಾಧ್ಯವಾದರೆ ನಿಮ್ಮ ಮಾಳಿಗೆಯೇ ಸಾಕು. ಇನ್ನೂ ಕತ್ತಲು ಬೇಕೆಂದರೆ ಚಿಂಚೋಳಿಯ ಕಾಡಿನಂಚಿನ ಹಳ್ಳಿಗಳು, ಕಾರಂಜಾ ಹಿನ್ನೀರಿನ ದಂಡೆ, ಶಹಾಪುರದ ಆಚೆಯ ಬಯಲು ಒಳ್ಳೆಯವು. ಎರೆ ಹೊಲದಲ್ಲಿ ಕತ್ತಲಲ್ಲಿ ಬರಿಗಾಲಲ್ಲಿ ತಿರುಗಬೇಡಿ. ನಕ್ಷತ್ರ ತೋರಿಸಲೆಂದು ಹಸಿರು ಲೇಸರ್ ಹಿಡಿಯುವ ಚಟ ಈಚೆಗೆ ಹುಡುಗರಲ್ಲಿ ಹೆಚ್ಚಿದೆ. ವಿಮಾನ ಚಾಲಕನ ಕಣ್ಣಿಗೆ ಅದು ಅಪಾಯಕಾರಿ, ಬೀದರಿನಲ್ಲೂ ಕಲಬುರಗಿಯಲ್ಲೂ ರನ್‌ವೇ ಇರುವಾಗ ಅದನ್ನು ಮುಟ್ಟದಿರುವುದೇ ಒಳಿತು.

ಟೆಲಿಸ್ಕೋಪ್ ಈಗಲೇ ಬೇಡ. ಅದರ ನೋಟದ ವ್ಯಾಪ್ತಿ ಬಲು ಕಿರಿದು. ಸೆಕೆಂಡಿಗೆ ಒಂದು ಡಿಗ್ರಿ ಓಡುವುದನ್ನು ಅದರಲ್ಲಿ ಹಿಡಿಯುವುದು ಪಳಗಿದವರಿಗೂ ಕಷ್ಟ. ಆರೇಳು ಡಿಗ್ರಿ ಅಗಲದ ಆಕಾಶ ತೋರಿಸುವ 7×50 ಅಥವಾ 10×50 ಬೈನಾಕ್ಯುಲರ್ ಕೊಳ್ಳಿ. ಚಲಿಸುವ ಚುಕ್ಕೆಯ ಬೆನ್ನು ಹತ್ತುವ ಬದಲು, ಅದು ಹಾಯಲಿರುವ ದಾರಿಯ ಒಂದು ನಕ್ಷತ್ರದ ಮೇಲೆ ಬೈನಾಕ್ಯುಲರ್ ನಿಲ್ಲಿಸಿಕೊಂಡು ಕಾಯಿರಿ. ಉದಾಹರಣೆಗೆ, ಜನವರಿಯ ಸಂಜೆ ಉಪಗ್ರಹವೊಂದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೇಲಿನ ಮತ್ತು ನಡುವಿನ ನಕ್ಷತ್ರಗಳ ಮಧ್ಯೆ ಹಾದರೆ, ಆ ಎರಡನ್ನು ಸೇರಿಸುವ ಗೆರೆಯನ್ನು ಅದು ದಾಟಿದ ಕ್ಷಣಕ್ಕೆ ನಿಲ್ಲುಗಡಿಯಾರ ಒತ್ತಿ, ಗೆರೆಯ ಎಷ್ಟನೇ ಭಾಗದಲ್ಲಿ ದಾಟಿತೆಂದು ಬರೆದುಕೊಳ್ಳಿ: ಅರ್ಧದಲ್ಲೋ, ಮೇಲಿನಿಂದ ಮೂರನೇ ಒಂದರಲ್ಲೋ. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುವುದರಿಂದ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹಿಡಿಯಲು ಪ್ರಯತ್ನಿಸುವುದು ಸಾರ್ಥಕ. ಮುನ್ಸೂಚನೆಗಿಂತ ಅದು ಎಷ್ಟು ಬೇಗ ಅಥವಾ ತಡವಾಗಿ ಬಂತೆಂಬುದನ್ನು ಹೋಲಿಸಿ ನೋಡಿದರೆ, ತೆಳುವಾದ ಗಾಳಿ ಅದರ ಕಕ್ಷೆಯನ್ನು ಹೇಗೆ ಕುಗ್ಗಿಸುತ್ತಿದೆ ಎಂಬುದು ನಿಮ್ಮದೇ ಟಿಪ್ಪಣಿ ಪುಸ್ತಕದಲ್ಲಿ ಕಾಣತೊಡಗುತ್ತದೆ.

ಹವ್ಯಾಸಿಗಳ ಇಂಥ ಅಳತೆ ಬರೀ ಕಾಲಹರಣವೆಂದು ತಿಳಿಯಬೇಕಿಲ್ಲ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಖಗೋಳಜ್ಞ ಫ್ರೆಡ್ ವಿಪಲ್ ಉಪಗ್ರಹ ವೀಕ್ಷಣೆಗೆಂದು ಸಂಘಟಿಸಿದ್ದ ಮೂನ್‌ವಾಚ್ ತಂಡಗಳಲ್ಲಿದ್ದವರು ಬಹುಪಾಲು ಸಾಮಾನ್ಯ ಜನ. ಅವರ ಜೊತೆಗೆ ಕೆಲಸ ಮಾಡಿದ, ಉಪಗ್ರಹಗಳ ಚಿತ್ರ ತೆಗೆಯುವ ದೊಡ್ಡ ಬೇಕರ್–ನನ್ ಕ್ಯಾಮೆರಾಗಳಲ್ಲಿ ಒಂದು ನಮ್ಮ ನೈನಿತಾಲದಲ್ಲಿತ್ತು. ಅಂದಹಾಗೆ, ಆಗ ಜನ ಬರಿಗಣ್ಣಿಗೆ ಕಂಡದ್ದು 58 ಸೆಂ.ಮೀ. ಗೋಲವಾದ ಸ್ಪುಟ್ನಿಕ್ ಅಲ್ಲ, ಅದರೊಡನೆ ಕಕ್ಷೆಗೇರಿದ ರಾಕೆಟ್ಟನ್ನು. 2018ರ ಜನವರಿಯಲ್ಲಿ, ನಾಸಾ 2005ರಲ್ಲೇ ಸಂಪರ್ಕ ಕಳೆದುಕೊಂಡಿದ್ದ ಇಮೇಜ್ ಉಪಗ್ರಹ ಇನ್ನೂ ಸಂಕೇತ ಕಳಿಸುತ್ತಿರುವುದನ್ನು ಪತ್ತೆ ಹಚ್ಚಿದವರು ಕೆನಡಾದ ಹವ್ಯಾಸಿ ಸ್ಕಾಟ್ ಟಿಲಿ.

ಒಂದೆರಡು ಚಳಿಗಾಲ ಹೀಗೆ ಪಳಗಿದ ಮೇಲೆ ಆರು ಇಂಚಿನ ಟೆಲಿಸ್ಕೋಪ್ ಕೊಂಡರೆ ಅದಕ್ಕೂ ಕೆಲಸವಿದೆ. ಟಿ.ವಿ. ಮತ್ತು ಹವಾಮಾನದ ಭೂಸ್ಥಿರ ಉಪಗ್ರಹಗಳು 35,786 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತವೆ. ಕಲಬುರಗಿಯಿಂದ ನೋಡಿದರೆ ಅವುಗಳ ಸಾಲು ದಕ್ಷಿಣದಲ್ಲಿ ಸುಮಾರು 70 ಡಿಗ್ರಿ ಎತ್ತರದಲ್ಲಿದ್ದು, ಮಹಾವ್ಯಾಧನ ನಡುಪಟ್ಟಿಗೂ ಅದರ ಕೆಳಗಿನ ನೀಹಾರಿಕೆಗೂ ನಡುವಿನ ನಕ್ಷತ್ರಗಳು ಅದರ ಹಿಂದಿನಿಂದ ಹಾಯುತ್ತವೆ. ಟೆಲಿಸ್ಕೋಪನ್ನು ಅಲ್ಲಿಗೆ ತಿರುಗಿಸಿ ಕದಲಿಸದೆ ಬಿಡಿ. ನಕ್ಷತ್ರಗಳೆಲ್ಲ ನೋಟದಿಂದ ಪಶ್ಚಿಮಕ್ಕೆ ಜಾರುತ್ತಿರುವಾಗ ಜಾರದೆ ನಿಂತ ಮಂಕು ಚುಕ್ಕೆ ಇದ್ದರೆ ಅದೇ ಭೂಸ್ಥಿರ ಉಪಗ್ರಹ. ಹಗಲು–ರಾತ್ರಿ ಸಮವಾಗುವ ಮಾರ್ಚಿನ ವಿಷುವದ ಆಸುಪಾಸಿನ ವಾರಗಳಲ್ಲಿ ನಡುರಾತ್ರಿಯ ಸುಮಾರಿಗೆ ಇವು ಕೂಡ ದಿನಕ್ಕೊಮ್ಮೆ, ಹೆಚ್ಚೆಂದರೆ 70 ನಿಮಿಷದಷ್ಟು ಕಾಲ, ಭೂಮಿಯ ನೆರಳು ಹೊಕ್ಕು ಹೊರಬರುತ್ತವೆ. ಹೊಕ್ಕುವ ಮೊದಲು ಮತ್ತು ಹೊರಬಂದ ಮೇಲೆ ಕೆಲವು ಬೈನಾಕ್ಯುಲರಿಗೂ ಸಿಗುವಷ್ಟು ಹೊಳೆಯುತ್ತವೆ. ಆ ಹೊತ್ತಿಗೆ ಮಹಾವ್ಯಾಧ ಮುಳುಗುವ ಹಂತದಲ್ಲಿರುತ್ತಾನೆ, ಆದ್ದರಿಂದ ಅವನ್ನು ಹುಡುಕಬೇಕಾದದ್ದು ದಕ್ಷಿಣದ ಎತ್ತರದಲ್ಲಿರುವ ಕನ್ಯಾ ರಾಶಿಯ ಕಡೆಗೆ.